ಏಪ್ರಿಲ್ 23ರ ಪುಟ ಓದಿದ ಮೇಲೆ

ಚಿ. ಪುಟ್ಟಿಗೆ,
ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ‘ಇತಿಹಾಸದಲ್ಲಿ ಈ ದಿನ’ದ ಮಾದರಿ ಪುಟ ತಲುಪಿತು. ವರ್ಷದ ಪ್ರತಿ ದಿನಕ್ಕೂ ಒಂದೊಂದು ಪುಟ ಮಾಡಿಯೇ ತೀರುತ್ತೇನೆಂಬ ನಿನ್ನ ಹಟ ನನಗೆ ಬಹಳ ಹಿಡಿಸಿತು. ಏಪ್ರಿಲ್ 23ನ್ನು ಮೊದಲು ಕೈಗೆತ್ತಿಕೊಂಡದ್ದೂ ಒಳ್ಳೆಯದೇ ಆಯಿತು. ಈ ಕೆಲಸದಲ್ಲಿ ಎಲ್ಲೆಲ್ಲಿ ಕಾಲು ಜಾರುತ್ತದೋ ಆ ಜಾಗಗಳೆಲ್ಲ ಹೆಚ್ಚುಕಡಿಮೆ ಆ ಒಂದೇ ದಿನದಲ್ಲಿವೆ. ನಿನ್ನ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಪೆನ್ಸಿಲ್ ಹಿಡಿದು ಇದನ್ನು ಓದು.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೋ. ದಿನಾಂಕ ಕಂಡಾಗಲೆಲ್ಲ ಮೂರು ಪ್ರಶ್ನೆ ಕೇಳಬೇಕು: ಇದು ಯಾವ ಪಂಚಾಂಗದ್ದು, ಯಾವ ಊರಿನ ಗಡಿಯಾರದ್ದು, ಘಟನೆಯ ಯಾವ ಹಂತದ್ದು? ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಎರಡು ಘಟನೆಗಳನ್ನು ಒಂದೇ ಪುಟದಲ್ಲಿ ಕೂರಿಸು.

ನಿನ್ನ ಮೊದಲ ಸಾಲು ಹೀಗಿದೆ: ‘1616: ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಒಂದೇ ದಿನ ತೀರಿಕೊಂಡರು.’ ಎಲ್ಲ ಕಡೆ ಹೀಗೇ ಬರೆದಿರುತ್ತಾರೆ, ಹಾಗಾಗಿ ನೀನೂ ಬರೆದಿದ್ದೀಯ. ಆದರೆ ಕಾದಂಬರಿಕಾರ ಸರ್ವಾಂಟಿಸ್‌ನ ದೇಶ ಸ್ಪೇನ್ 1582ರಲ್ಲೇ ಗ್ರೆಗೋರಿಯನ್ ಪಂಚಾಂಗಕ್ಕೆ, ಅಂದರೆ ನಾವು ಈಗ ಬಳಸುವ ಕ್ಯಾಲೆಂಡರಿಗೆ, ಬದಲಾಗಿತ್ತು. ಅಲ್ಲಿ ಆ ವರ್ಷ ಅಕ್ಟೋಬರ್ 4 ಗುರುವಾರದ ಮರುದಿನವೇ ಅಕ್ಟೋಬರ್ 15 ಶುಕ್ರವಾರ ಬಂತು. ನಡುವಿನ ಹತ್ತು ದಿನಾಂಕಗಳು ಇಲ್ಲವೇ ಇಲ್ಲ. ಇಂಗ್ಲೆಂಡ್ ಮಾತ್ರ 1752ರವರೆಗೂ ಹಳೆಯ ಜೂಲಿಯನ್ ಪಂಚಾಂಗವನ್ನೇ ಹಿಡಿದುಕೊಂಡಿತ್ತು. ಶೇಕ್ಸ್‌ಪಿಯರ್‌ನ ಊರು ಸ್ಟ್ರಾಟ್‌ಫರ್ಡ್‌ನಲ್ಲಿ ಏಪ್ರಿಲ್ 23 ಆದಾಗ ಮ್ಯಾಡ್ರಿಡ್‌ನಲ್ಲಿ ಮೇ 3. ಅದೂ ಸಾಲದೆಂಬಂತೆ, ಸರ್ವಾಂಟಿಸ್ ತೀರಿಕೊಂಡದ್ದು ಏಪ್ರಿಲ್ 22ರಂದು. 23 ಆತನನ್ನು ಮಣ್ಣು ಮಾಡಿದ ದಿನ. ಅಂದರೆ ಎರಡು ಸಾವುಗಳ ನಡುವೆ ನಿಜಕ್ಕೂ 11 ದಿನಗಳ ಅಂತರವಿದೆ. ವಾರ ನೋಡಿದರೂ ಗುಟ್ಟು ಹೊರಬೀಳುತ್ತದೆ: ಸ್ಪೇನಿನ ಆ 23 ಶನಿವಾರ, ಇಂಗ್ಲೆಂಡಿನ 23 ಮಂಗಳವಾರ.

ಸಾಲನ್ನು ಹೀಗೆ ತಿದ್ದು: ‘1616: ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್ ನಿಧನ (ಜೂಲಿಯನ್, ಗ್ರೆಗೋರಿಯನ್ ಲೆಕ್ಕದಲ್ಲಿ ಮೇ 3). ಹಿಂದಿನ ದಿನ ತೀರಿಕೊಂಡಿದ್ದ ಸರ್ವಾಂಟಿಸ್ ಅಂತ್ಯಕ್ರಿಯೆ, ಮ್ಯಾಡ್ರಿಡ್ (ಗ್ರೆಗೋರಿಯನ್).’ ಇದರಿಂದ ವಿಶ್ವ ಪುಸ್ತಕ ದಿನಕ್ಕೇನೂ ಕುಂದಿಲ್ಲ. 1995ರಲ್ಲಿ ಯುನೆಸ್ಕೊ ಏಪ್ರಿಲ್ 23ನ್ನು ಆರಿಸಿಕೊಂಡದ್ದು ಕಾಗದದ ಮೇಲಿನ ದಿನಾಂಕಗಳು ಹೊಂದಿದ್ದಕ್ಕೆ. ಅದನ್ನು 1995ರ ಘಟನೆಯಾಗಿ ಬೇರೆ ಸಾಲಿನಲ್ಲಿ ಬರೆ.

ಶೇಕ್ಸ್‌ಪಿಯರ್ ಹುಟ್ಟಿದ್ದೂ ಏಪ್ರಿಲ್ 23 ಎಂದು ಕೆಳಗೆ ಸೇರಿಸಿದ್ದೀಯಲ್ಲ, ಅದನ್ನು ಹೊಡೆದುಹಾಕು. ದಾಖಲೆಯಲ್ಲಿ ಇರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ, ಅಂದರೆ ಕೂಸಿಗೆ ಚರ್ಚಿನಲ್ಲಿ ಮಾಡುವ ಸಂಸ್ಕಾರ, ಒಂದೇ. ಹುಟ್ಟಿದ ದಿನ 23 ಎಂಬುದು ನಂತರದವರು ಒಪ್ಪಿಕೊಂಡು ಬಂದ ರೂಢಿ. ಬೀಥೋವನ್‌ನದೂ ಇದೇ ಕಥೆ. 1770ರ ಡಿಸೆಂಬರ್ 17 ಆತನ ದೀಕ್ಷಾಸ್ನಾನದ ದಿನ. ಚರ್ಚಿನ ದಾಖಲೆಗಳ ಕಾಲದವರ ಜನ್ಮದಿನ ಬರೆಯುವ ಮುಂಚೆ ಇದೊಂದನ್ನು ವಿಚಾರಿಸದೆ ಬಿಡಬೇಡ. ರೂಢಿಯನ್ನೂ ಬರೆಯಬಹುದು, ಆದರೆ ‘ರೂಢಿಯಂತೆ’ ಎಂಬ ಮಾತು ಸಾಲಿನೊಳಗೇ ಇರಬೇಕು.

ಜೂಲಿಯನ್–ಗ್ರೆಗೋರಿಯನ್ ವ್ಯತ್ಯಾಸದ ಲೆಕ್ಕವನ್ನು ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿಟ್ಟುಕೋ. 1582ರಿಂದ 1700ರ ಫೆಬ್ರವರಿಯವರೆಗೆ 10 ದಿನ, ಅಲ್ಲಿಂದ 1800ರ ಫೆಬ್ರವರಿಯವರೆಗೆ 11, 1900ರ ಫೆಬ್ರವರಿಯವರೆಗೆ 12, ಆಮೇಲೆ 13. ಒಂದೊಂದು ದೇಶ ಒಂದೊಂದು ಕಾಲಕ್ಕೆ ಬದಲಾಯಿತು. ಬ್ರಿಟನ್ ಮತ್ತು ಅದರ ವಸಾಹತುಗಳಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ 14. ರಷ್ಯಾದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14. ಗ್ರೀಸ್‌ನಲ್ಲಿ 1923ರ ಫೆಬ್ರವರಿ 15ರ ಮರುದಿನ ಮಾರ್ಚ್ 1. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ ನವೆಂಬರ್ 7ರ ಪುಟಕ್ಕೆ ಬರುವುದು ಇದೇ ಕಾರಣಕ್ಕೆ. ಅವರ ಪಂಚಾಂಗದಲ್ಲಿ ಅಂದು ಅಕ್ಟೋಬರ್ 25.

ಬ್ರಿಟನ್ನಿನ ಹಳೆಯ ದಿನಾಂಕಗಳಲ್ಲಿ ಇನ್ನೊಂದು ತೊಡಕಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿ ಮತ್ತು ಮಾರ್ಚ್‌ನ ಬಹುಭಾಗ ಹಿಂದಿನ ವರ್ಷದ ಬಾಲ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಬರೆದ ದಿನಾಂಕ 1731ರ ಫೆಬ್ರವರಿ 11. ಈಗ ಆಚರಿಸುವುದು 1732ರ ಫೆಬ್ರವರಿ 22. ದಿನವೂ ಬದಲಾಯಿತು, ವರ್ಷವೂ ಬದಲಾಯಿತು. ಎರಡು ಪುಸ್ತಕಗಳಲ್ಲಿ ಒಂದು ವರ್ಷದ ಅಂತರ ಕಂಡರೆ, ತಿಂಗಳು ಜನವರಿಯಿಂದ ಮಾರ್ಚ್‌ನೊಳಗಿದ್ದರೆ, ಮೊದಲು ಇದನ್ನೇ ಶಂಕಿಸು.

ಹಾಗಾದರೆ ಯಾವುದನ್ನು ಪರಿವರ್ತಿಸಬೇಕು, ಯಾವುದನ್ನು ಬಿಡಬೇಕು? 1582ಕ್ಕೆ ಹಿಂದಿನದನ್ನು ಜೂಲಿಯನ್ನಿನಲ್ಲೇ ಬಿಡು, ಇತಿಹಾಸಕಾರರ ವಾಡಿಕೆ ಅದೇ. ನಿನ್ನ ಪುಟದಲ್ಲಿರುವ 1014ರ ಕ್ಲಾಂಟಾರ್ಫ್ ಕದನಕ್ಕೆ, ಐರ್ಲೆಂಡಿನ ದೊರೆ ಬ್ರಿಯನ್ ಬೊರು ಮಡಿದ ದಿನಕ್ಕೆ, ಕೈ ಹಚ್ಚಬೇಡ. 1582ರ ಮೇಲಿನದಕ್ಕೆ ಆ ಸ್ಥಳದಲ್ಲಿ ಆಗ ಬಳಕೆಯಲ್ಲಿದ್ದ ದಿನಾಂಕವನ್ನು ಮುಂದಿಟ್ಟು, ಇನ್ನೊಂದನ್ನು ಕಂಸದಲ್ಲಿ ಕೊಡು. ಜನ ಹೊಸ ದಿನಾಂಕವನ್ನೇ ಒಪ್ಪಿಕೊಂಡಿರುವಲ್ಲಿ, ವಾಷಿಂಗ್ಟನ್ ಅಥವಾ ರಷ್ಯಾದ ಕ್ರಾಂತಿಯಂಥದ್ದಕ್ಕೆ, ಹೊಸದನ್ನು ಮುಂದಿಡು. ಎರಡು ಪಂಚಾಂಗಗಳನ್ನು ಬೆರೆಸಿ ಚಮತ್ಕಾರ ಮಾತ್ರ ಹುಟ್ಟಿಸಬೇಡ. ‘ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ’ ಎಂಬ ಮಾತು ಅಂಥ ಬೆರಕೆ: ಗೆಲಿಲಿಯೊ ಸತ್ತ 1642ರ ಜನವರಿ 8 ಗ್ರೆಗೋರಿಯನ್, ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಜೂಲಿಯನ್. ಒಂದೇ ಪಂಚಾಂಗಕ್ಕೆ ತಂದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಗೆಲಿಲಿಯೊ ತೀರಿಕೊಂಡು ಸರಿಯಾಗಿ 300 ವರ್ಷಕ್ಕೆ, 1942ರ ಜನವರಿ 8ರಂದು, ಸ್ಟೀಫನ್ ಹಾಕಿಂಗ್ ಹುಟ್ಟಿದ್ದು ಮಾತ್ರ ಅಪ್ಪಟ ನಿಜ. ಅದನ್ನು ಧೈರ್ಯವಾಗಿ ಬರೆ.

ನಿನ್ನ ಪುಟದಲ್ಲಿ ನನಗೆ ತುಂಬ ಸಂತೋಷ ಕೊಟ್ಟದ್ದು 1858. ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಮತ್ತು ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಒಂದೇ ದಿನ ಹುಟ್ಟಿದರೆಂದು ಹುಡುಕಿ ಬರೆದಿದ್ದೀಯ. ಹೌದು, ಇಲ್ಲಿ ಪಂಚಾಂಗದ ಗೊಂದಲವಿಲ್ಲ, ಅದು ಒಂದೇ ಶುಕ್ರವಾರ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಒಬ್ಬ ಸಂಸ್ಕೃತ ಪಂಡಿತರ ಮಗಳು, ಬಾಲ್ಟಿಕ್ ತೀರದ ಕೀಲ್‌ನಲ್ಲಿ ಒಬ್ಬ ಕಾನೂನು ಪ್ರಾಧ್ಯಾಪಕರ ಮಗ. ಅದೇ ದಿನ ಬಿಹಾರದ ಜಗದೀಶಪುರದಲ್ಲಿ 1857ರ ದಂಗೆಯ ಮುದಿ ನಾಯಕ ಕುಂವರ್ ಸಿಂಗ್ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿದ, ಅದನ್ನೂ ಸೇರಿಸು. ಮೂರನ್ನೂ ಒಟ್ಟಿಗಿಟ್ಟರೆ ಒಂದು ಕಾಲದ ಉದ್ದಗಲ ಓದುವವರ ಕಣ್ಣಿಗೆ ಬೀಳುತ್ತದೆ. ಇಂಥ ಪುಟ ಮಾಡುವುದು ಸಾರ್ಥಕ ಅನ್ನಿಸುವುದು ಆಗಲೇ. ಒಂದು ತಿದ್ದುಪಡಿ: ಪ್ಲಾಂಕ್ ‘ಜರ್ಮನಿಯಲ್ಲಿ’ ಹುಟ್ಟಿದ ಎಂದಿದ್ದೀಯ. ಆಗಿನ್ನೂ ಜರ್ಮನಿ ಒಂದು ದೇಶವಾಗಿರಲಿಲ್ಲ, ಕೀಲ್ ಇದ್ದದ್ದು ಡೆನ್ಮಾರ್ಕ್ ದೊರೆಯ ಕೈಕೆಳಗಿನ ಹೋಲ್‌ಸ್ಟೈನ್‌ನಲ್ಲಿ. ಊರಿನ ಹೆಸರು ಬರೆದು ‘ಈಗಿನ ಜರ್ಮನಿ’ ಎಂದು ಸೇರಿಸಿದರೆ ಸಾಕು.

ಈಗ ಗಡಿಯಾರಕ್ಕೆ ಬರೋಣ. 2005ರಲ್ಲಿ ಯೂಟ್ಯೂಬ್‌ಗೆ ಮೊದಲ ವಿಡಿಯೊ ಏರಿದ ದಿನ ಎಂದು ಏಪ್ರಿಲ್ 23ನ್ನು ಕೊಟ್ಟಿದ್ದೀಯ. ಕ್ಯಾಲಿಫೋರ್ನಿಯಾದಲ್ಲಿ ಅದು 23ರ ರಾತ್ರಿ ಎಂಟೂವರೆಯ ಸುಮಾರು. ಭಾರತದಲ್ಲಿ ಆಗಲೇ 24ರ ಬೆಳಗು. ಘಟನೆ ನಡೆದ ಸ್ಥಳದ ದಿನಾಂಕ ಹಿಡಿಯಬೇಕೆಂಬ ನಿಯಮದಂತೆ ನಿನ್ನದು ಸರಿ. ಆದರೆ ‘ಸೋಯುಜ್ 1 ದುರಂತ, 1967’ ಎಂದು ಬರೆದದ್ದು ತಪ್ಪು. 23ರಂದು ಆ ಸೋವಿಯತ್ ಬಾಹ್ಯಾಕಾಶ ನೌಕೆ ಹಾರಿತು. ಅದರಲ್ಲಿದ್ದ ಗಗನಯಾನಿ ವ್ಲಾದಿಮಿರ್ ಕೊಮರೊವ್ ನೆಲಕ್ಕಪ್ಪಳಿಸಿ ಸತ್ತದ್ದು 24ರಂದು. ಉಡಾವಣೆ ಈ ಪುಟದಲ್ಲಿರಲಿ, ಸಾವು ಮರುದಿನದ ಪುಟಕ್ಕೆ ಹೋಗಲಿ. ದಿನ ದಾಟಿ ನಡೆಯುವ ಯುದ್ಧ, ಹಾರಾಟ, ಅಧಿವೇಶನಗಳಿಗೆಲ್ಲ ಆರಂಭ ಯಾವುದು, ಅಂತ್ಯ ಯಾವುದು ಎಂದು ಎರಡು ಸಾಲು ಮಾಡಿಕೊ.

ಸ್ಥಳವೇ ಇಲ್ಲದ ಕಡೆ ಏನು ಮಾಡುವುದು? ಅಪೊಲೊ 11 ಚಂದ್ರನ ಮೇಲೆ ಇಳಿದದ್ದು 1969ರ ಜುಲೈ 20, ಗ್ರೀನಿಚ್ ಸಮಯ ರಾತ್ರಿ 8.17. ಭಾರತದಲ್ಲಿ ಆಗ 21ರ ನಡುರಾತ್ರಿ ಕಳೆದು 1.47. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಗ್ರೀನಿಚ್ ಲೆಕ್ಕದಲ್ಲಿ 21ರ ಮುಂಜಾವ 2.56, ಅಮೆರಿಕದಲ್ಲಿ ಇನ್ನೂ 20ರ ರಾತ್ರಿ. ಆದ್ದರಿಂದ ‘ಇಳಿದದ್ದು’, ‘ಕಾಲಿಟ್ಟದ್ದು’ ಎರಡನ್ನೂ ಬೇರೆ ಬೇರೆ ಇಟ್ಟು, ಗ್ರೀನಿಚ್ ಸಮಯ ಎಂದು ಸೂಚಿಸು. ಬಾಹ್ಯಾಕಾಶದ ಎಲ್ಲ ಘಟನೆಗೂ ಇದೇ ಕ್ರಮ ಇಟ್ಟುಕೊಂಡರೆ ಮುಂದೆ ತಲೆನೋವಿಲ್ಲ.

ದಾಟಿದರೆ ತಾರೀಖೇ ಬದಲಾಗುವ, ಶಾಂತಸಾಗರದ ದಿನಾಂಕ ರೇಖೆಯ ಆಚೀಚೆ ನಡೆದದ್ದರಲ್ಲಿ ಇನ್ನೂ ಎಚ್ಚರ ಬೇಕು. ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ 1941ರ ಡಿಸೆಂಬರ್ 7, ಮಲಯಾದ ಕೋಟಾ ಭರುವಿನಲ್ಲಿ ಜಪಾನಿ ಪಡೆ ಇಳಿದದ್ದು ಡಿಸೆಂಬರ್ 8. ಕಾಗದದಲ್ಲಿ ಎರಡನೆಯದು ಮರುದಿನದ್ದು, ವಾಸ್ತವದಲ್ಲಿ ಒಂದು ಗಂಟೆಗೂ ಹೆಚ್ಚು ಮುಂಚಿನದು. ‘ಪರ್ಲ್ ಹಾರ್ಬರ್ ಆದ ಮರುದಿನ’ ಎಂದು ಬರೆದೆಯೋ, ಕೆಟ್ಟಿತು.

ಮೂರನೆಯ ಪ್ರಶ್ನೆ, ಘಟನೆಯ ಹಂತ. ನಮೀಬಿಯಾ ‘ಸ್ವತಂತ್ರವಾಯಿತು’ ಎಂದು ಏಪ್ರಿಲ್ 23ರಲ್ಲಿ ಹಾಕಿದ್ದೀಯ. 1990ರ ಮಾರ್ಚ್ 21ಕ್ಕೇ ಅದು ಸ್ವತಂತ್ರವಾಗಿತ್ತು, ಏಪ್ರಿಲ್ 23 ವಿಶ್ವಸಂಸ್ಥೆ ಸೇರಿದ ದಿನ. ದೇಶ, ಕಾಯ್ದೆ, ಒಪ್ಪಂದ ಎಂದರೆ ಹಲವು ದಿನಾಂಕ ಇರಲೇಬೇಕು: ಮಂಡನೆ, ಮತ, ಅಂಗೀಕಾರ, ಸಹಿ, ಜಾರಿ. ಅಮೆರಿಕದ ಸ್ವಾತಂತ್ರ್ಯಕ್ಕೆ ಮತ ಬಿದ್ದದ್ದು 1776ರ ಜುಲೈ 2, ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ಜುಲೈ 4, ಬಹುತೇಕರ ಸಹಿ ಆಗಸ್ಟ್ 2. ನೀನು ಜುಲೈ 4ಕ್ಕೆ ‘ಸಹಿ ಹಾಕಿದ ದಿನ’ ಎಂದು ಗುರುತು ಹಾಕಿಟ್ಟಿರುವುದು ಪಟ್ಟಿಯ ಹಿಂಬದಿಯಲ್ಲಿ ಕಂಡಿತು. ‘ಘೋಷಣೆಯ ಅಂಗೀಕಾರ’ ಎಂದು ತಿದ್ದು. ಭಾರತದ ಸಂವಿಧಾನಕ್ಕೆ 1949ರ ನವೆಂಬರ್ 26 ಅಂಗೀಕಾರದ ದಿನ, 1950ರ ಜನವರಿ 26 ಜಾರಿಯ ದಿನ. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದದ್ದು ಪಶ್ಚಿಮದವರಿಗೆ ಮೇ 8, ರಷ್ಯನ್ನರಿಗೆ ಮೇ 9. ಶರಣಾಗತಿ ಜಾರಿಗೆ ಬಂದದ್ದು ಮಧ್ಯ ಯುರೋಪಿನ 8ರ ರಾತ್ರಿ 11.01ಕ್ಕೆ, ಮಾಸ್ಕೊದಲ್ಲಿ ಅಷ್ಟರಲ್ಲಿ 9 ಆಗಿತ್ತು. ಎರಡೂ ಸರಿ, ಎರಡೂ ಪುಟಕ್ಕೆ ಬೇಕು.

ಒಂದೇ ದಿನಾಂಕಕ್ಕೆ ಬೀಳುವ ಘಟನೆಗಳಲ್ಲಿ ಎರಡು ಜಾತಿ. ತಾನಾಗಿ ಕೂಡಿಬಂದದ್ದು ಒಂದು, ಬೇಕೆಂದೇ ಆರಿಸಿದ್ದು ಇನ್ನೊಂದು. ಆಗಸ್ಟ್ 15ರಲ್ಲಿ ಎರಡೂ ಇವೆ. ಜಪಾನ್ ಶರಣಾದ 1945ರ ಆ ದಿನದ ನೆನಪಿಗೆ ಮೌಂಟ್‌ಬ್ಯಾಟನ್ 1947ಕ್ಕೆ ಅದೇ ದಿನಾಂಕ ಗೊತ್ತುಮಾಡಿದ; ಅರವಿಂದರು 1872ರಲ್ಲಿ ಅಂದೇ ಹುಟ್ಟಿದ್ದದ್ದು ಕಾಕತಾಳೀಯ. 1930ರ ಜನವರಿ 26ರ ಪೂರ್ಣ ಸ್ವರಾಜ್ಯ ದಿನವನ್ನು ಉಳಿಸಿಕೊಳ್ಳಲೆಂದೇ ಸಂವಿಧಾನ ಎರಡು ತಿಂಗಳು ಕಾದು ಜಾರಿಗೆ ಬಂತು. 1956ರ ನವೆಂಬರ್ 1ರಂದು ಒಂದಾದ ಮೈಸೂರು ರಾಜ್ಯ 1973ರ ನವೆಂಬರ್ 1ರಂದೇ ಕರ್ನಾಟಕವಾದದ್ದೂ ಆಯ್ಕೆಯೇ. ಇಂಥವುಗಳ ನಡುವೆ ಕಾರಣದ ಎಳೆಯಿದೆ, ಅದನ್ನು ಸಾಲಿನಲ್ಲಿ ಹೇಳು. ಕಾಕತಾಳೀಯಕ್ಕೆ ಕಾರಣ ಹುಡುಕಬೇಡ. 23 ಜನ ಒಂದು ಕೋಣೆಯಲ್ಲಿದ್ದರೆ ಅವರಲ್ಲಿ ಇಬ್ಬರಿಗಾದರೂ ಜನ್ಮದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಡಾರ್ವಿನ್, ಲಿಂಕನ್ ಇಬ್ಬರೂ 1809ರ ಫೆಬ್ರವರಿ 12ರಂದು ಹುಟ್ಟಿದ್ದು ಸೊಗಸಾದ ಸಂಗತಿ, ಅಷ್ಟೇ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದು ಅಲ್ಲಿಯ ಮಾಜಿ ಅಧ್ಯಕ್ಷರಾದ ಆಡಮ್ಸ್, ಜೆಫರ್ಸನ್ ಇಬ್ಬರೂ ತೀರಿಕೊಂಡದ್ದು ಬೆರಗಿನದೇ. ಆ ಬೆರಗನ್ನು ಓದುವವರಿಗೇ ಬಿಡು.

ದಿನಾಂಕ ಪರೀಕ್ಷೆಗೆ ವಾರಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. ಗ್ರೆಗೋರಿಯನ್ ಪಂಚಾಂಗದಲ್ಲಿ 400 ವರ್ಷಕ್ಕೆ 1,46,097 ದಿನ, ಅಂದರೆ ಸರಿಯಾಗಿ 20,871 ವಾರ. ಹಾಗಾಗಿ 1616ರ ವಾರ ಬೇಕಿದ್ದರೆ 2016ರ ಕ್ಯಾಲೆಂಡರ್ ತೆಗೆದು ನೋಡಿದರೆ ಸಾಕು. ಇನ್ನೊಂದು ಉಪಾಯ: ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12, ಫೆಬ್ರವರಿಯ ಕೊನೆಯ ದಿನ, ಮೇ 9, ಸೆಪ್ಟೆಂಬರ್ 5, ಜುಲೈ 11, ನವೆಂಬರ್ 7 ಇವೆಲ್ಲ ಒಂದು ವರ್ಷದಲ್ಲಿ ವಾರದ ಒಂದೇ ದಿನಕ್ಕೆ ಬರುತ್ತವೆ. 1947ರಲ್ಲಿ ಅದು ಶುಕ್ರವಾರ; ಆಗಸ್ಟ್ 8 ಶುಕ್ರವಾರವಾದರೆ 15ನೆಯ ತಾರೀಖೂ ಶುಕ್ರವಾರ. ಮೂಲದಲ್ಲಿ ಕೊಟ್ಟ ವಾರ ಹೊಂದಲಿಲ್ಲವೆಂದರೆ ದಿನಾಂಕವೋ ಪಂಚಾಂಗವೋ ತಪ್ಪಿದೆ ಎಂದರ್ಥ. 1565ರ ರಕ್ಕಸ-ತಂಗಡಿ ಕದನಕ್ಕೆ ಕೆಲವರು ಜನವರಿ 23 ಎನ್ನುತ್ತಾರೆ, ಕೆಲವರು 26. ಜೂಲಿಯನ್ನಿನಲ್ಲಿ ಮೊದಲನೆಯದು ಮಂಗಳವಾರ, ಎರಡನೆಯದು ಶುಕ್ರವಾರ. ಯಾವ ಮೂಲ ಯಾವ ವಾರ ಹೇಳುತ್ತದೆ ಎಂದು ನೋಡದೆ ಒಂದನ್ನು ಆರಿಸಬೇಡ. ಬರೆಯುವಾಗ ಎರಡನ್ನೂ ಕೊಡು.

ತಿಥಿಯಂತೆ ಆಚರಿಸುವ ಜಯಂತಿಗಳಿಗೆ ಇಲ್ಲಿ ಜಾಗವಿಲ್ಲ, ಅವು ವರ್ಷವರ್ಷ ತಾರೀಖು ಬದಲಿಸುತ್ತವೆ. ಬಸವ ಜಯಂತಿ, ಬುದ್ಧ ಪೂರ್ಣಿಮೆ, ಹಿಜರಿ ಲೆಕ್ಕದ ದಿನಗಳು ಬೇರೆ ಪಟ್ಟಿಯಾಗಲಿ.

ತಪ್ಪು ನುಸುಳುವ ಸಣ್ಣ ಸಂದಿಗಳೂ ಇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 5/8/1945 ಎಂದರೆ ಅವರಿಗೆ ಮೇ 8, ನಾವು ಓದುವುದು ಆಗಸ್ಟ್ 5. ತಿಂಗಳ ಹೆಸರನ್ನು ಯಾವಾಗಲೂ ಅಕ್ಷರದಲ್ಲೇ ಬರೆ. ಪತ್ರಿಕೆಯ ತಲೆಯ ಮೇಲಿನ ದಿನಾಂಕ ಸುದ್ದಿ ಅಚ್ಚಾದ ದಿನದ್ದು; ಸತ್ಯಜಿತ್ ರಾಯ್ 1992ರ ಏಪ್ರಿಲ್ 23ರಂದು ತೀರಿಕೊಂಡರು, 24ರ ಪತ್ರಿಕೆ ನೋಡಿ ಬರೆದವರು ಒಂದು ದಿನ ಮುಂದಕ್ಕೆ ತಳ್ಳುತ್ತಾರೆ. ಎರಡು ಪಟ್ಟಿ ಒಂದೇ ಮಾತು ಹೇಳಿದರೆ ಎರಡು ಸಾಕ್ಷಿ ಸಿಕ್ಕಿತೆಂದು ನಂಬಬೇಡ, ಒಂದು ಇನ್ನೊಂದರ ನಕಲಾಗಿರಬಹುದು. ಪದಗಳೂ ಅವೇ ಇದ್ದರೆ ಖಂಡಿತ ನಕಲೇ. ಮೂಲ ದಾಖಲೆ ಅಥವಾ ಆ ವಿಷಯದ ಜೀವನಚರಿತ್ರೆ ಒಂದು, ಅದಕ್ಕೆ ಸಂಬಂಧವಿಲ್ಲದ ಇನ್ನೊಂದು, ಇಷ್ಟಾದರೂ ಬೇಕು.

ವರ್ಷಗಳ ಎಣಿಕೆಯಲ್ಲೂ ಮುಗ್ಗರಿಸುತ್ತಾರೆ. 2022ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯಕ್ಕೆ 75 ವರ್ಷ ತುಂಬಿತು, ದಿನಾಚರಣೆ ಮಾತ್ರ 76ನೆಯದು, ಏಕೆಂದರೆ 1947ರದ್ದೇ ಮೊದಲನೆಯದು. ‘ಇಂದಿಗೆ ಇಷ್ಟು ವರ್ಷ ತುಂಬಿತು’ ಎಂದೇ ಬರೆ. ಕ್ರಿಸ್ತಪೂರ್ವದಿಂದ ಎಣಿಸುವಾಗ ಸೊನ್ನೆ ವರ್ಷ ಇಲ್ಲವೆಂಬುದು ನೆನಪಿರಲಿ: ಕ್ರಿ.ಪೂ. 44ರ ಮಾರ್ಚ್ 15ರಂದು ಸೀಸರ್‌ನ ಕೊಲೆಯಾಯಿತು, ಅದಕ್ಕೆ 2000 ವರ್ಷ ತುಂಬಿದ್ದು 1957ರಲ್ಲಿ.

1930ರ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನ ಗೋಲಿಬಾರನ್ನು ನೀನು ಬಿಟ್ಟಿದ್ದೀಯ. ಅದು ಪುಟದಲ್ಲಿ ಇರಲೇಬೇಕು, ಬರಿಗೈಯಲ್ಲಿ ನಿಂತವರ ಮೇಲೆ ಗುಂಡು ಹಾರಿದ ದಿನ ಅದು. ಇಂಥ ಕಡೆ ಸತ್ತವರ ಸಂಖ್ಯೆ ಬರೆಯುವುದಾದರೆ ಯಾರ ಲೆಕ್ಕ ಎಂದು ಹೇಳದೆ ಬರೆಯಬೇಡ. ಜಲಿಯನ್‌ವಾಲಾ ಬಾಗ್‌ಗೆ ಸರ್ಕಾರ ಕೊಟ್ಟ ಅಂಕಿ 379, ಕಾಂಗ್ರೆಸ್ಸಿನದು ಸಾವಿರದ ಆಸುಪಾಸು. ನೋವಿನ ಸಾಲಿನ ಬೆನ್ನಿಗೇ ಸಿನಿಮಾ ತಾರೆಯ ಹುಟ್ಟುಹಬ್ಬ ಬಾರದಂತೆ ಜೋಡಿಸು. ವರ್ಷದ ಕ್ರಮದಲ್ಲಿ ಇಟ್ಟರೆ ಸಾಮಾನ್ಯವಾಗಿ ಅದು ತಾನೇ ಸರಿಹೋಗುತ್ತದೆ. ದಿನಕ್ಕೆ ಎಂಟು ಸಾಲು ಸಾಕು, ಸಾಲಿಗೆ ಇಪ್ಪತ್ತೈದು ಪದ ಮೀರಬಾರದು. ಹದಿನಾರು ಸಾಲು ತುಂಬಿದರೆ ಒಂದನ್ನೂ ಪರೀಕ್ಷಿಸಲು ಪುರಸೊತ್ತಿರುವುದಿಲ್ಲ.

ಪ್ರತಿ ಘಟನೆಗೂ ಒಂದು ಚೀಟಿ ಮಾಡು. ಮೇಲೆ ದಿನ, ತಿಂಗಳು, ವರ್ಷ, ಅದರ ಕೆಳಗೆ ಪಂಚಾಂಗ, ವಾರ, ಊರು, ಗೊತ್ತಿದ್ದರೆ ಅಲ್ಲಿಯ ಹೊತ್ತು, ಆಮೇಲೆ ಹಂತ, ಕೊನೆಗೆ ಎರಡು ಮೂಲ, ಪುಟ ಸಂಖ್ಯೆ ಸಮೇತ. ಮೂಲೆಯಲ್ಲಿ ಒಂದು ಚೌಕ ಬಿಡು: ಸಂದೇಹವಿದ್ದರೆ ಅಲ್ಲಿ ಗುರುತು ಹಾಕು, ಅದು ಅಳಿಯುವವರೆಗೆ ಚೀಟಿ ಪುಟಕ್ಕೆ ಹೋಗಬಾರದು. ಸಂಖ್ಯೆಯನ್ನು ನೆನಪಿನಿಂದ ಬರೆಯಬೇಡ, ಪುಸ್ತಕ ತೆರೆದಿಟ್ಟೇ ಬರೆ.

ಪೆಟ್ಟಿಗೆಯಲ್ಲಿ 366 ವಿಭಾಗ ಇರಲಿ. ಫೆಬ್ರವರಿ 29ಕ್ಕೆ ಏನು ಸಿಕ್ಕೀತು ಎಂದು ಬಿಡಬೇಡ: ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಆ ದಿನ. 100ರಿಂದ ಭಾಗವಾಗಿ 400ರಿಂದ ಭಾಗವಾಗದ ವರ್ಷಕ್ಕೆ ಅಧಿಕ ದಿನ ಇಲ್ಲದ್ದರಿಂದ, 1900 ತಪ್ಪಿ, ಅವರ ಮೊದಲ ಹುಟ್ಟುಹಬ್ಬ ಬಂದದ್ದು 1904ರಲ್ಲಿ. ಅದೇ ವಿಭಾಗದ ಹಿಂದೆ ಇನ್ನೊಂದು ಚೀಟಿಗೆ ಜಾಗ ಬಿಡು. ಪಂಚಾಂಗ ಬದಲಾವಣೆಯ ಗೊಂದಲದಲ್ಲಿ ಸಿಕ್ಕಿಬಿದ್ದ ಸ್ವೀಡನ್‌ನಲ್ಲಿ 1712ರಲ್ಲಿ ಫೆಬ್ರವರಿ 30 ಎಂಬ ದಿನವೂ ಇತ್ತು.

ತಿದ್ದಿದ ಪುಟದ ಜೊತೆ ಜುಲೈ 4ರದ್ದನ್ನೂ ಕಳಿಸು, ಚೀಟಿಗಳ ಸಮೇತ. ಅಣ್ಣ ಅತ್ತಿಗೆಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಅತ್ತೆ